ಆ ನೌಕೆಯೊಳಗ ಇಬ್ಬರು ಗಂಡಸ್ರು ಹಲ್ಲು ತಿಕ್ಕಲಿಕ್ಕೆ ಐವತ್ತೊಂದು ವರ್ಷ

ಮೊದಲ ಹೇಳಿಬಿಡ್ತೀನಿ, ಈ ಸಲ ಅಡಿಗಿ ಇಲ್ಲ, ಹಬ್ಬ ಇಲ್ಲ. ಕವಳಿಕಾಯಿ ಉಪ್ಪಿನಕಾಯಿಗೆ ಎಣ್ಣಿ ಎಷ್ಟು ಅಂತ ಕೇಳಿದವರಿಗೆ ಮುಂದಿನ ಸಲ ಬರೀತೀನಿ. ಇವತ್ತು ನಾನು ಜಗಳಕ್ಕ ಕೂತೀನಿ.

ಜಗಳ ಒಂದು ಪ್ರಶ್ನೆ ಮ್ಯಾಲೆ. ನಮ್ಮ ವೈನಿ ಕೇಳಿದ್ದು, ಅತ್ಯಾ ಹೌದೌದು ಅಂದದ್ದು, ಆಮ್ಯಾಲೆ ನಮ್ಮ ಓಣಿಯೊಳಗ ಇನ್ನೂ ಇಬ್ಬರು ಮೂವರು ಬ್ಯಾರೆ ಬ್ಯಾರೆ ಮಾತಿನಾಗ ಅದನ್ನ ಕೇಳಿದ್ದು: "ಆಕಾಶದಾಗ ಹಾರೋ ಕಥಿಯೊಳಗ ಅಂಥವರು ಯಾಕ ಬೇಕು?" ಅಂಥವರು ಅಂದ್ರ ಗಂಡಸನ್ನ ಪ್ರೀತಿಸೋ ಗಂಡಸ್ರು, ಹೆಣ್ಣನ್ನ ಪ್ರೀತಿಸೋ ಹೆಣ್ಣುಮಕ್ಕಳು. ಕನ್ನಡದಾಗ ಸಲಿಂಗಿಗಳು ಅಂತ ಶಬ್ದ ಅದ, ಹುಡುಗರು ಗೇ ಅಂತಾರ. "ಅಂಥವರು" ಅನ್ನೋದಕ್ಕಿಂತ ಎರಡೂ ಛಲೋ.

ಯಾಕ ಬೇಕು ಅಂತ ಕೇಳೋಕಿಂತ ಮೊದಲ ಯಾಕ ಇರಲಿಲ್ಲ ಅಂತ ಕೇಳ್ರಿ. ಯಾರು ತಗದು ಇಟ್ರು ಅಂತ ಕೇಳ್ರಿ. ಮನಿಯೊಳಗ ಹತ್ತು ಮಂದಿ ಇದ್ದು ಮದುವಿ ಫೋಟೋದಾಗ ಒಂಬತ್ತ ಮಂದಿ ಕಂಡ್ರ, ಹತ್ತನೇಯಾಕಿನ್ನ ಅಡಿಗಿಮನಿಯೊಳಗ ಬಿಟ್ಟು ಫೋಟೋ ತಗದಾರ ಅಂತ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟೋ ಸಲ ಆ ಹತ್ತನೇಯಾಕಿ ನಾವೇ ಇದ್ವಿ.

ನಾನು ಮಾತಾಡ್ಲಿಕ್ಕೆ ಹೊಂಟದ್ದು ಸ್ಟಾರ್ ಟ್ರೆಕ್ ಅನ್ನೋ ಅಮೆರಿಕಾದ ಸೀರಿಯಲ್ ಬಗ್ಗೆ. ಬ್ಯಾರೆ ಸೀರಿಯಲ್ಲೂ ಅವ. ಆದ್ರ ಇದರ ಮ್ಯಾಲೆ ನನಗ ಸಿಟ್ಟು ಜಾಸ್ತಿ, ಯಾಕಂದ್ರ ಪ್ರೀತಿನೂ ಇದರ ಮ್ಯಾಲೆ ಜಾಸ್ತಿ. ಸಣ್ಣ ಮಾತು ಆಡಿದವರು ತಪ್ಪಿದ್ರ ಬಿಟ್ಟುಬಿಡಬಹುದು. ದೊಡ್ಡ ಮಾತು ಆಡಿದವರು ತಪ್ಪಿದ್ರ ಹೊಟ್ಟಿ ಉರೀತದ.

ನೋಡದವರ ಸಲುವಾಗಿ ನಾಕು ಮಾತು. 1966ರಾಗ ಜೀನ್ ರಾಡೆನ್‌ಬೆರಿ ಅನ್ನೋವ್ರು ಇದನ್ನ ಸುರು ಮಾಡಿದ್ರು. ಇನ್ನೂರು ಮುನ್ನೂರು ವರ್ಷದ ಮುಂದಿನ ಕಥಿ. ಭೂಮಿ ಮ್ಯಾಲೆ ಹಸಿವು ಇಲ್ಲ, ಬಡತನ ಇಲ್ಲ, ದೇಶ ದೇಶದ ಯುದ್ಧ ಇಲ್ಲ. ಎಂಟರ್‌ಪ್ರೈಸ್ ಅಂತ ಒಂದು ನೌಕೆ, ಅದು ನಕ್ಷತ್ರದಿಂದ ನಕ್ಷತ್ರಕ್ಕ ತಿರುಗ್ತದ. ಒಳಗ ಆಫ್ರಿಕಾ ಮೂಲದ ಉಹುರಾ ಅನ್ನೋ ಹೆಣ್ಣುಮಗಳು ಅಧಿಕಾರಿ, ಏಷ್ಯಾ ಮೂಲದ ಸುಲು ನೌಕೆ ನಡಸಾಂವ, ಮೂಗಿನ ತುದಿಗೆ ಬಾಂಬ್ ಹಿಡಕೊಂಡು ಅಮೆರಿಕಾ ರಷ್ಯಾ ಕೂತಿದ್ದ ಕಾಲದಾಗ ಒಬ್ಬ ರಷ್ಯಾದ ಹುಡುಗನೂ ಬಂದು ಕೂತ. ಚೂಪು ಕಿವಿಯ ಬ್ಯಾರೆ ಗ್ರಹದವನೂ ಇದ್ದ. 1968ರಾಗ ಬಿಳಿ ಕ್ಯಾಪ್ಟನ್ನು, ಕರಿ ಹೆಣ್ಣುಮಗಳು ಉಹುರಾ, ಇಬ್ಬರ ಮುತ್ತು ತೋರಿಸಿದ್ರು. ಆ ಕಾಲಕ್ಕ ಅದು ಸಣ್ಣ ಧೈರ್ಯ ಅಲ್ಲ.

ಉಹುರಾ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಒಂದು ಸಂಗತಿ ಹೇಳ್ತಿದ್ರು. ಮೊದಲನೇ ವರ್ಷ ಮುಗದಾಗ ಅವ್ರು ಸೀರಿಯಲ್ ಬಿಡೋ ವಿಚಾರ ಮಾಡಿದ್ರಂತ. ಆಗ ಮಾರ್ಟಿನ್ ಲೂಥರ್ ಕಿಂಗ್ ಭೇಟಿಯಾಗಿ, ಬಿಡಬ್ಯಾಡ್ರಿ, ಮುಂದಿನ ಕಾಲದಾಗ ನಾವೂ ಇರ್ತೀವಿ ಅಂತ ಮಂದಿ ನಿಮ್ಮನ್ನ ನೋಡಿ ತಿಳಕೊಳ್ತಾರ ಅನ್ನೋ ಅರ್ಥದ ಮಾತು ಹೇಳಿದ್ರಂತ. ಆಕಿ ಉಳದ್ರು. ಸ್ಟಾರ್ ಟ್ರೆಕ್‌ನವರು ಈ ಕಥಿ ಹೇಳಿ ಹೇಳಿ ದಣಿಯಂಗಿಲ್ಲ. ಹೇಳಲಿ, ಹೇಳೋ ಹಂಗ ಅದ. ಆದ್ರ ಅದೇ ಮಾತಿನ ಇನ್ನೊಂದು ಮಗ್ಗಲ ನೋಡ್ರಿ. ಮುಂದಿನ ಕಾಲದ ಚಿತ್ರದಾಗ ನೀವು ಕಂಡ್ರ ನೀವು ಇರ್ತೀರಿ ಅಂತ ಅರ್ಥ ಆದ್ರ, ಕಾಣದಿದ್ರ ಏನರ್ಥ?

1966ರಿಂದ 2005ರ ತನಕ ಐದು ಸ್ಟಾರ್ ಟ್ರೆಕ್ ಸೀರಿಯಲ್ ಬಂದ್ವು, ಕಾರ್ಟೂನ್ ಬಿಟ್ಟು. ಏಳುನೂರಕ್ಕೂ ಹೆಚ್ಚು ಕಂತು. ಅಷ್ಟರಾಗ ನಾನು ಸಲಿಂಗಿ ಅಂತ ಬಾಯಿಬಿಟ್ಟು ಹೇಳೋ ಒಬ್ಬ ಮುಖ್ಯ ಪಾತ್ರ ಇಲ್ಲ. ಒಬ್ಬನೂ ಇಲ್ಲ, ಒಬ್ಬಾಕಿನೂ ಇಲ್ಲ. ಕಲ್ಲಿನಂಗ ಇರೋ ಜೀವಿ ಬಂದಾವ, ಬೆಳಕಿನಿಂದ ಮಾಡಿದ ಡಾಕ್ಟರ್ ಬಂದಾನ, ನೀರಿನಂಗ ಕರಗಿ ರಾತ್ರಿ ಬಕೀಟಿನ್ಯಾಗ ಮಲಗೋ ಪೋಲೀಸ್ ಬಂದಾನ. (ಖರೇನ, ಬಕೀಟಿನ್ಯಾಗ. ಅವಗೂ ಒಬ್ಬಾಕಿ ಪ್ರೀತಿ ಮಾಡ್ಲಿಕ್ಕೆ ಸಿಕ್ಕಳು.)

ಈ ಸೀರಿಯಲ್ ನನಗ ಹಚ್ಚಿಕೊಟ್ಟಾಂವ ನಮ್ಮ ಬಳಗದ ಒಬ್ಬ ಹುಡುಗ. ಈಗ ದೊಡ್ಡಾಂವ ಆಗ್ಯಾನ. ಹೈಸ್ಕೂಲಿನಾಗ ಇದ್ದಾಗಿಂದ ನೋಡಿದಾಂವ. ನಿನಗ ಯಾರು ಸೇರ್ತಿದ್ರು ಅಂತ ಕೇಳಿದೆ. "ಡೇಟಾ" ಅಂದ. ಡೇಟಾ ಅಂದ್ರ ಎರಡನೇ ಸೀರಿಯಲ್ಲಿನ ಯಂತ್ರದ ಮನಷ್ಯಾ, ಮನಷ್ಯಾರಂಗ ಆಗಬೇಕು ಅಂತ ದಿನಾ ಪ್ರಯತ್ನ ಮಾಡಾಂವ. ಯಾಕೋ ಅಂದೆ. "ಉಳದವ್ರೆಲ್ಲ ಹೆಂಗ ಪ್ರೀತಿ ಮಾಡ್ತಾರ ಅಂತ ನೋಡಿ ನೋಡಿ ಕಲ್ತು ನಟಿಸ್ತಿದ್ದ ನೋಡು ಮೌಶಿ, ಅದಕ್ಕ" ಅಂದ. ಅಂದು ಚಹಾ ಕುಡದ, ಎದ್ದು ಹೋದ. ಸಾವಿರ ಮಂದಿ ಇರೋ ನೌಕೆಯೊಳಗ ನಮ್ಮ ಹುಡುಗಗ ತನ್ನಂಗ ಕಂಡದ್ದು ಒಂದು ಯಂತ್ರ.

ಯಾರು ಆ ಹುಡುಗ ಅಂತ ಲೆಕ್ಕ ಹಾಕ್ಲಿಕ್ಕೆ ಕೂಡಬ್ಯಾಡ್ರಿ, ನಾನು ಹೇಳಂಗಿಲ್ಲ. ಇದನ್ನ ಓದಿದ ಕೂಡಲೆ ನಿಮಗ ಒಂದೆರಡು ಹೆಸರು ತಲಿಯೊಳಗ ಬಂದಿರಬೇಕು. ಹಂಗಾರ ಇಂಥವರು ನಮ್ಮ ನಡುವ ಇದ್ದಾರ ಅಂತ ನಿಮಗೂ ಗೊತ್ತದ. ಊರು ತುಂಬ ಇದ್ದವರು ಆಕಾಶದಾಗ ಮಾತ್ರ ಯಾಕ ಮಾಯ ಆಗ್ತಾರ?

ಮರತು ಬಿಟ್ಟಿರಬೇಕು ಪಾಪ ಅಂತ ಅನ್ನಬ್ಯಾಡ್ರಿ. ಮರತಿಲ್ಲ. ಡೇವಿಡ್ ಜೆರಾಲ್ಡ್ ಅಂತ ಒಬ್ಬ ಲೇಖಕರು, ಮೊದಲನೇ ಸೀರಿಯಲ್ಲಿಗೆ ಭಾಳ ಹೆಸರಾದ ಕಂತು ಬರದವ್ರು. 1987ರಾಗ ಎರಡನೇ ಸೀರಿಯಲ್ ಸುರು ಆದಾಗ ಒಂದು ಕಥಿ ಬರದುಕೊಟ್ರು. ಬ್ಲಡ್ ಅಂಡ್ ಫೈರ್ ಅಂತ ಹೆಸರು. ಆಗ ಏಡ್ಸ್ ಹೆದರಿಕಿಯಿಂದ ಮಂದಿ ರಕ್ತ ಕೊಡ್ಲಿಕ್ಕೂ ಅಂಜ್ತಿದ್ರು, ಅದನ್ನ ಮನಸ್ಸಿನಾಗ ಇಟ್ಟು ಬರದದ್ದು. ಅದರಾಗ ನೌಕೆಯ ಸಿಬ್ಬಂದಿಯೊಳಗ ಇಬ್ಬರು ಗಂಡಸ್ರು ಜೋಡಿ. ಭಾಷಣ ಇಲ್ಲ, ಮುತ್ತಿಲ್ಲ, ಜೋಡಿ ಇದ್ದಾರ ಅನ್ನೋದು ಮಾತಿನಾಗ ತಿಳೀತದ, ಅಷ್ಟ. ಆ ಕಂತು ಚಿತ್ರೀಕರಣ ಆಗಲೇ ಇಲ್ಲ. ಜೆರಾಲ್ಡ್ ಸೀರಿಯಲ್ ಬಿಟ್ಟು ಹೊಂಟ್ರು. ಇಪ್ಪತ್ತು ವರ್ಷದ ಮ್ಯಾಲೆ ಅಭಿಮಾನಿಗಳು ತಾವಾಗಿ ಕೂಡಿ ಅದನ್ನ ಚಿತ್ರ ಮಾಡಿದ್ರು, ಅವ್ರನ್ನೇ ಕರದು ನಿರ್ದೇಶನ ಮಾಡಿಸಿದ್ರು.

ಇಲ್ಲೊಂದು ಮನಿ ಮಾತು ಹೇಳ್ಲೇಬೇಕು. ಈ ಜೆರಾಲ್ಡ್ ಸ್ವತಃ ಗೇ. ಮುಂದ ಒಬ್ಬ ಹುಡುಗನ್ನ ದತ್ತಕ ತಗೊಂಡು ಒಬ್ಬರೇ ಸಾಕಿದ್ರು. ತಾನು ಮಂಗಳ ಗ್ರಹದಿಂದ ಬಂದಾಂವ ಅಂತ ಹೇಳೋ ಒಬ್ಬ ದತ್ತಕ ಹುಡುಗನ ಮ್ಯಾಲೆ ಒಂದು ಕಥಿ ಬರದ್ರು, ಅದಕ್ಕ ಹ್ಯೂಗೋ, ನೆಬ್ಯುಲಾ ಅಂತ ಎರಡು ದೊಡ್ಡ ಬಹುಮಾನ ಬಂದ್ವು. 2007ರಾಗ ಅದು ಸಿನಿಮಾ ಆತು. ಸಿನಿಮಾದಾಗಿನ ಅಪ್ಪ ಯಾರಂತೀರಿ? ಹೆಂಡತಿ ಸತ್ತ ವಿಧುರ! ಅವ್ರ ಮನಿಯ ಕಥಿಯೊಳಗಿಂದಲೂ ಅವ್ರನ್ನ ಹೊರಗ ಹಾಕಿದ್ರು.

ರಾಡೆನ್‌ಬೆರಿಯವರು ಅಭಿಮಾನಿಗಳಿಗೆ ಮಾತು ಕೊಟ್ಟಿದ್ರು, ಸಾಯೋ ವರ್ಷ 1991ರಾಗೂ ಮತ್ತ ಕೊಟ್ರು. ಮೂಗಿಗೆ ತುಪ್ಪ ಸವರೋದಂದ್ರ ಇದ. ಮಾತು ಕೊಟ್ಟದ್ದು ನಡಸಿಕೊಳ್ಳೋರು ಯಾರೂ ಇರಲಿಲ್ಲ. ಅದರ ಬದಲಿ ಬಂದದ್ದು ಕೊಂಕಣ ಸುತ್ತಿ ಮೈಲಾರಕ್ಕ ಹೋಗೋ ಕಂತು.

ಒಂದು, 1991ರ ದಿ ಹೋಸ್ಟ್. ನೌಕೆಯ ಡಾಕ್ಟರು ಬೆವರ್ಲಿ ಕ್ರಶರ್, ಗಂಡನ್ನ ಕಳಕೊಂಡು ಮಗನ್ನ ಬೆಳಸಿದಾಕಿ, ಓಡಾನ್ ಅನ್ನೋ ರಾಯಭಾರಿನ್ನ ಪ್ರೀತಿ ಮಾಡ್ತಾಳ. ಆ ಓಡಾನ್ ಅಂದ್ರ ಒಂದು ಸಣ್ಣ ಜೀವಿ, ಬ್ಯಾರೆಯವರ ದೇಹದ ಒಳಗ ಇರ್ತದ. ಒಳಗಿನದು ಖರೇ ಓಡಾನ್, ಹೊರಗಿನ ದೇಹ ಅಂಗಿ ಇದ್ದಂಗ. ಆ ದೇಹ ಸಾಯ್ತದ. ಸ್ವಲ್ಪ ದಿನ ಆಕಿ ಜೋಡಿ ಕೆಲಸ ಮಾಡೋ ರೈಕರ್ ಅನ್ನೋ ಅಧಿಕಾರಿ ದೇಹದಾಗ ಇಡ್ತಾರ. ಆಕಿಗೆ ಸಂಕೋಚ ಆಗ್ತದ, ಆದ್ರೂ ಒಪ್ಪತಾಳ. ಕೊನಿಗೆ ಹೊಸಾ ದೇಹ ಬರ್ತದ, ಅದು ಹೆಣ್ಣಿಂದು. ಅಲ್ಲಿಗೆ ಪ್ರೀತಿ ಮುಗೀತು. ಇಷ್ಟು ಬದಲಾವಣಿ ನನ್ನ ಕಡಿಂದ ತಾಳಲಿಕ್ಕೆ ಆಗೂದಿಲ್ಲ ಅನ್ನೋ ಅರ್ಥದಾಗ ಆಕಿ ನಯವಾಗಿ ಹೇಳ್ತಾಳ. ಸಹೋದ್ಯೋಗಿ ಮೈಯೊಳಗ ಹೊಕ್ಕ ಪ್ರೇಮಿ ನಡೀತದ, ಹೆಣ್ಣಾಗಿ ಬಂದ ಪ್ರೇಮಿ ನಡಿಯಂಗಿಲ್ಲ. ಬ್ಯಾಡ ಅನ್ನೋ ಹಕ್ಕು ಆಕಿಗೆ ಅದ, ನಾನು ಇಲ್ಲ ಅನ್ನೂದಿಲ್ಲ. ಆದ್ರ ಈ ಏಳುನೂರು ಕಂತಿನಾಗ ಎಲ್ಲಾ ಹೆಣ್ಣುಮಕ್ಕಳೂ ಬ್ಯಾಡ ಅಂತಾರ, ಒಬ್ಬಾಕಿಯರೆ ಆಗಲಿ ಬಾ ಅನ್ನಂಗಿಲ್ಲ ಅಂದ್ರ ಆ ಬ್ಯಾಡ ಅನ್ನೋದು ಪಾತ್ರದ ಮಾತಲ್ಲ, ಕುರ್ಚಿ ಮ್ಯಾಲೆ ಕೂತವರ ಮಾತು.

ಇನ್ನೊಂದು 1992ರ ದಿ ಔಟ್‌ಕಾಸ್ಟ್. ಗಂಡು ಹೆಣ್ಣು ಅನ್ನೋ ಭೇದ ಇಲ್ಲದ ಮಂದಿ ಇರೋ ಒಂದು ಗ್ರಹ. ಅಲ್ಲಿ ನಾನು ಹೆಣ್ಣು ಅಂತ ಯಾರಿಗರೆ ಅನಿಸಿದ್ರ ಅದು ರೋಗ, ಹಿಡಕೊಂಡು ಹೋಗಿ ಚಿಕಿತ್ಸೆ ಮಾಡ್ತಾರ. ಸೋರೆನ್ ಅನ್ನೋ ಜೀವಕ್ಕ ಹಂಗ ಅನಿಸ್ತದ, ರೈಕರ್ ಮ್ಯಾಲೆ ಮನಸ್ಸು ಆಗ್ತದ. ವಿಚಾರಣಿಯೊಳಗ ಸೋರೆನ್ ಆಡೋ ಮಾತು ಕೇಳಿದ್ರ ಕಣ್ಣಾಗ ನೀರು ಬರ್ತದ. ಕೊನಿಗೆ ಚಿಕಿತ್ಸೆ ಆಗಿಬಿಡ್ತದ. ನನಗ ರೋಗ ಇತ್ತು, ಈಗ ಆರಾಮಾಗೀನಿ ಅಂತದ ಆ ಜೀವ. ಇದನ್ನ ಬರದವರ ಮನಸ್ಸು ಯಾವ ಕಡಿಗೆ ಇತ್ತು ಅಂತ ನನಗ ತಿಳೀತದ, ಅದಕ್ಕ ಅವ್ರಿಗೆ ಅರ್ಧ ಶಾಬಾಸ್. ಅರ್ಧ ಯಾಕಂದ್ರ, ಆ ಭೇದ ಇಲ್ಲದ ಮಂದಿ ಪಾತ್ರ ಎಲ್ಲಾ ಮಾಡಿದವರು ಹೆಣ್ಣುಮಕ್ಕಳೇ. ನಮಗ ಕಾಣೋದು ಕೂದಲು ಕತ್ತರಿಸಿಕೊಂಡ ಒಬ್ಬ ಚಂದದ ಹುಡುಗಿ, ಒಬ್ಬ ಗಡ್ಡದ ಗಂಡಸು, ಅವರ ಪ್ರೇಮ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ರೈಕರ್ ಪಾತ್ರ ಮಾಡಿದ ಜೊನಾಥನ್ ಫ್ರೇಕ್ಸ್ ಸ್ವತಃ ಹೇಳ್ಯಾರ, ಸೋರೆನ್ ಪಾತ್ರ ಗಂಡಸಿಗೆ ಕೊಡಬೇಕಾಗಿತ್ತು ಅಂತ. ತಯಾರಿದ್ದವನ ಮುಂದ ಬಾಗಲಾ ಹಾಕಿದವರು ಬ್ಯಾರೆಯವರು.

1995ರಾಗ ಮೂರನೇ ಸೀರಿಯಲ್, ಡೀಪ್ ಸ್ಪೇಸ್ ನೈನ್‌ನಾಗ, ಇಬ್ಬರು ಹೆಣ್ಣುಮಕ್ಕಳು ಒಮ್ಮೆ ಮುತ್ತು ಕೊಡ್ತಾರ. ಹಿಂದಿನ ಜನ್ಮದಾಗ ಗಂಡ ಹೆಂಡತಿ ಇದ್ರು ಅನ್ನೋ ಕಾರಣಾ ಕೊಟ್ಟು. ಒಂದು ಕಂತು, ಅಲ್ಲಿಗೆ ಮುಗೀತು, ಒಬ್ಬಾಕಿ ಹೋಗಿಬಿಡ್ತಾಳ. ಅದೇ ಸೀರಿಯಲ್ಲಿನಾಗ ಎಲ್ಲಾ ಉಲ್ಟಾ ಇರೋ ಕನ್ನಡಿ ಲೋಕ ಅಂತ ಒಂದದ, ಒಳ್ಳೆಯವರು ಅಲ್ಲಿ ದುಷ್ಟರು. ಹೆಣ್ಣಿನ ಮ್ಯಾಲೂ ಕಣ್ಣು ಹಾಕೋ ಹೆಣ್ಣು ಅಲ್ಲಿ ಸಿಕ್ಕಳು, ಚರ್ಮದ ಅರಿವಿ ಹಾಕ್ಕೊಂಡ ಖಳನಾಯಕಿ ಆಗಿ.

ನನಗ ಎಲ್ಲಕ್ಕಿಂತ ಕಾಡೋದು ಸುಲು. ಆ ಪಾತ್ರ ಮಾಡಿದ ಜಾರ್ಜ್ ಟಕೇ ಸ್ವತಃ ಗೇ. ಸಣ್ಣಾಂವ ಇದ್ದಾಗ ಜಪಾನಿ ಮೂಲದವರು ಅಂತ ಅವ್ರ ಮನಿಯವರನ್ನೆಲ್ಲ ಎರಡನೇ ಮಹಾಯುದ್ಧದಾಗ ಅಮೆರಿಕಾ ಸರಕಾರ ತಂತಿಬೇಲಿ ಒಳಗ ಇಟ್ಟಿತ್ತು. ದೊಡ್ಡಾಂವ ಆದ ಮ್ಯಾಲೆ ತಾನೇ ಇನ್ನೊಂದು ಬೇಲಿ ಹಾಕ್ಕೊಂಡ್ರು, ಕೆಲಸ ಹೋಗ್ತದ ಅಂತ. ಮನಷ್ಯಾರೆಲ್ಲ ಒಂದೇ ಅನ್ನೋ ನೌಕೆ ನಡಸಿದಾಂವ, ಸೆಟ್‌ನಿಂದ ಮನಿಗೆ ಹೋಗಿ ಸುಮ್ನ ಇರಬೇಕು. 2005ರಾಗ, ಅರವತ್ತೆಂಟನೇ ವಯಸ್ಸಿನಾಗ ಎಲ್ಲಾರ ಮುಂದ ಹೇಳಿಕೊಂಡ್ರು. 2008ರಾಗ ತಮ್ಮ ಸಂಗಾತಿ ಬ್ರ್ಯಾಡ್ ಜೋಡಿ ಮದುವಿ ಆದ್ರು. ಆ ಮದುವಿಯೊಳಗ ಪಕ್ಕದಾಗ ನಿಂತವರು ಯಾರು? ಉಹುರಾ ಮತ್ತ ಚೆಕಾವ್, ಅಂದ್ರ ನಿಶೆಲ್ ನಿಕೋಲ್ಸ್, ವಾಲ್ಟರ್ ಕೋನಿಗ್. ಸೀರಿಯಲ್ ತೋರಿಸಲಾರದ ನೌಕೆ ಮದುವಿ ಮಂಟಪದಾಗ ಕಂಡಿತು.

ಇನ್ನ ತಲೆಬರಹದ ಹಲ್ಲಿನ ಮಾತಿಗೆ ಬರ್ತೀನಿ. 2017ರಾಗ ಡಿಸ್ಕವರಿ ಅಂತ ಹೊಸಾ ಸ್ಟಾರ್ ಟ್ರೆಕ್ ಬಂತು. ಸ್ಟಾಮೆಟ್ಸ್ ಅಂತ ಒಬ್ಬ ವಿಜ್ಞಾನಿ, ಅಣಬಿ ಮ್ಯಾಲೆ ಸಂಶೋಧನಾ ಮಾಡಾಂವ, ಸಿಡುಕ. ಕಲ್ಬರ್ ಅಂತ ಡಾಕ್ಟರು, ಸಮಾಧಾನಿ. ಐದನೇ ಕಂತಿನ ಕೊನಿಗೆ ರಾತ್ರಿ ಅರಿವಿ ಹಾಕ್ಕೊಂಡು ಇಬ್ಬರೂ ಒಂದೇ ಬಚ್ಚಲಮನಿಯೊಳಗ ಬಾಜೂಕ ಬಾಜೂಕ ನಿಂತು ಹಲ್ಲು ತಿಕ್ಕತಾರ. ಜೀವಕ್ಕ ಅಪಾಯ ಇರೋ ಕೆಲಸ ಮಾಡಿದಿ ಅಂತ ಡಾಕ್ಟರಿಗೆ ಸಿಟ್ಟು, ಸಿಟ್ಟಿನ ಹಿಂದ ಅಂಜಿಕಿ. ಅಷ್ಟ. ಮುತ್ತು ಎಷ್ಟೋ ಕಂತು ಆದ ಮ್ಯಾಲೆ ಬಂತು. ಪಾತ್ರ ಮಾಡಿದ ಆಂಥನಿ ರಾಪ್, ವಿಲ್ಸನ್ ಕ್ರೂಜ್ ಇಬ್ಬರೂ ಬಹಿರಂಗ ಗೇ.

ಇಷ್ಟ ಸಾಕು ರೀ. ನಾನು ಬೇಡೋದು ಇದನ್ನ. ಪ್ರೇಮದ ಮ್ಯಾಲೆ ಭಾಷಣ ಬ್ಯಾಡ, ಕಣ್ಣೀರಿನ ಕೋರ್ಟು ಬ್ಯಾಡ, ಹಿಂದಿನ ಜನ್ಮದ ನೆಪ ಬ್ಯಾಡ. ಸಂಸಾರ ತೋರಿಸ್ರಿ. ಗಂಡ ಹೆಂಡತಿ ಜಗಳಾಡಿ ಒಂದೇ ಕನ್ನಡಿ ಮುಂದ ನಿಲ್ಲೋದನ್ನ ನಾವು ದಿನಾ ಮಾಡ್ತೀವಿ, ಅದರಾಗ ಏನರೆ ಮುಚ್ಚಿಡೋದು ಅದ ಅಂತ ನಮಗ ಎಂದೂ ಅನಿಸಿಲ್ಲ. ಮಕ್ಕಳು ನೋಡ್ತಾರ ಅಂತ ಅತ್ಯಾ ಅಂತಾರ. ಅದೇ ಸೀರಿಯಲ್ಲಿನಾಗ ಐದು ಕಂತು ಮುಂದ ಆ ಡಾಕ್ಟರ ಕುತ್ತಿಗಿ ಮುರದು ಕೊಲ್ತಾರ, ಟಕ್ ಅಂತ ಸಪ್ಪಳ ಕೇಳೋ ಹಂಗ. ಮಕ್ಕಳು ಅದನ್ನೂ ನೋಡಿದ್ರು. ಕುತ್ತಿಗಿ ಮುರಿಯೋದು ನಡೀತದ, ಹಲ್ಲು ತಿಕ್ಕೋದು ನಡಿಯಂಗಿಲ್ಲ ಅಂದ್ರ ಅದ್ಯಾವ ಸಂಸ್ಕಾರ?

ಹೌದು, ಕೊಂದ್ರು. ಕರದು ಮಣೆ ಹಾಕಿ ಕೂಡಿಸಿದವನ್ನ ಊಟ ಮುಗಿಯೋದರಾಗ ಎಬ್ಬಿಸಿದ್ರು. ಮುಂದಿನ ವರ್ಷ ಏನೇನೋ ಅಣಬಿ ಮಾಯಾ ಮಾಡಿ ತಿರುಗಿ ಕರಕೊಂಡು ಬಂದ್ರು, ಅದಕ್ಕ ನಾನು ಆ ಸೀರಿಯಲ್ ಪೂರಾ ನೋಡಿದೆ. ಎಲ್ಲಾರೂ ತಿರುಗಿ ಬರಂಗಿಲ್ಲ. ದಿ ಹಂಡ್ರೆಡ್ ಅನ್ನೋ ಇನ್ನೊಂದು ಸೀರಿಯಲ್ಲಿನಾಗ, 2016ರಾಗ, ಲೆಕ್ಸಾ ಅನ್ನೋ ನಾಯಕಿ ತನ್ನ ಪ್ರೀತಿಯಾಕಿ ಜೋಡಿ ಒಂದು ಗಳಿಗಿ ಸುಖ ಕಂಡ ಕೂಡಲೆ ಯಾರಿಗೋ ಹೊಡದ ಗುಂಡು ಬಂದು ಬಡದು ಸತ್ಲು. ನೋಡೋ ಹುಡುಗೀರು ಎಷ್ಟು ನೊಂದ್ರು ಅಂದ್ರ, ಸಿಟ್ಟನ್ನ ರೊಕ್ಕ ಮಾಡಿ, ಇಂಥಾ ಮಕ್ಕಳು ಜೀವ ಕಳಕೊಳ್ಳಬಾರದು ಅಂತ ಕೆಲಸ ಮಾಡೋ ಟ್ರೆವರ್ ಪ್ರಾಜೆಕ್ಟ್ ಅನ್ನೋ ಸಂಸ್ಥೆಗೆ ದೇಣಿಗಿ ಕೂಡಿಸಿದ್ರು. ಕಥಿ ಅಲ್ಲೇನು ಬಿಡು ಅನ್ನೋವ್ರು ಇದನ್ನ ಒಮ್ಮೆ ವಿಚಾರ ಮಾಡ್ರಿ.

ಮತ್ತ ಈಗ ಎಲ್ಲಾ ಕಡೆ ಅವರೇ ಅನ್ನೋ ಮಾತು. ಏಳುನೂರು ಹೋಳಿಗಿ ಒಂದೇ ಪಂಕ್ತಿಗೆ ಬಡಿಸಿ, ಆಮ್ಯಾಲೆ ಈ ಪಂಕ್ತಿಗೆ ನಾಕು ತಂದು ಹಾಕಿದ್ರ, ಎಲ್ಲಾ ಹೋಳಿಗಿ ಇವ್ರೇ ತಿಂದ್ರು ಅಂತ ಕೂಗೋದು ಯಾವ ನ್ಯಾಯ? ನಮ್ಮ ದೇಶದ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ಕ್ಕ ಇಂಥಾ ಪ್ರೀತಿ ಅಪರಾಧ ಅಲ್ಲ ಅಂತ ಹೇಳಿತು. ಕೋರ್ಟು ಒಪ್ಪಿದ ಮ್ಯಾಲೂ ನಮ್ಮ ಪಡಸಾಲಿ ಟೀವಿಗೆ ಮುಜುಗರ ಯಾಕ?

ಸ್ಟಾರ್ ಟ್ರೆಕ್ ಪೂರಾ ನೋಡೋದು ಎಲ್ಲಾರ ಕಡಿಂದ ಆಗಂಗಿಲ್ಲ, ಗೊತ್ತದ. ದಿ ಲಾಸ್ಟ್ ಆಫ್ ಅಸ್ ಅನ್ನೋ ಸೀರಿಯಲ್ಲಿನ ಮೂರನೇ ಕಂತು ಒಂದ ನೋಡ್ರಿ, 2023ರದು. ಹಿಂದಿನ ಎರಡು ನೋಡದಿದ್ರೂ ತಿಳೀತದ. ಲೋಕ ಹಾಳಾಗ್ಯದ, ಬಿಲ್ ಅನ್ನೋ ಒಬ್ಬ ಗಡ್ಡದ ಒಂಟಿ ಮನಷ್ಯಾ ಬೇಲಿ ಹಾಕ್ಕೊಂಡು ಬಂದೂಕು ಇಟಗೊಂಡು ಕೂತಾನ. ಅವನ ಗುಂಡಿಯೊಳಗ ಫ್ರ್ಯಾಂಕ್ ಅನ್ನಾಂವ ಬಂದು ಬೀಳ್ತಾನ, ಹಸದು. ಬಿಲ್ ಅಡಿಗಿ ಮಾಡಿ ಬಡಿಸ್ತಾನ, ಭಾಳ ಛಲೋ ಅಡಿಗಿ ಮಾಡ್ತಾನ. ಊಟಕ್ಕ ಬಂದಾಂವ ಉಳದುಬಿಡ್ತಾನ. ಆಮ್ಯಾಲೆ ವರ್ಷಗಟ್ಟಲೆ ಸಂಸಾರ. ಮನಿ ಮುಂದಿನ ಓಣಿ ಸ್ವಚ್ಛ ಇರಬೇಕು, ಬಣ್ಣ ಹಚ್ಚಬೇಕು, ಊಟಕ್ಕ ಯಾರನ್ನರೆ ಕರೀಬೇಕು ಅಂತ ಫ್ರ್ಯಾಂಕ್ ಜಗಳಾ ತಗೀತಾನ, ಬ್ಯಾಡ ಅಂತ ಬಿಲ್ ಕೂಗಾಡ್ತಾನ. ಕೊನಿಗೆ ಅಲ್ಲೂ ಸಾವು ಅದ, ಅದಕ್ಕ ನನ್ನ ತಕರಾರು ಇದ್ದೇ ಅದ. ಆದ್ರ ಮುದುಕ್ರಾಗಿ, ಒಬ್ಬರ ಔಷಧ ಒಬ್ಬರು ನೋಡಿಕೊಂಡು, ತಮ್ಮ ಮನಿ ಹಾಸಿಗಿ ಮ್ಯಾಲೆ.

ನಡುವ ಒಂದು ಕಡೆ ಫ್ರ್ಯಾಂಕ್ ಬಿಲ್‌ನ ಕಣ್ಣು ತಪ್ಪಿಸಿ ಅವನ ಒಂದು ಬಂದೂಕು ಕೊಟ್ಟು ಸ್ಟ್ರಾಬೆರಿ ಬೀಜ ತಗೊಂಡಿರ್ತಾನ. ಹಿತ್ತಲದಾಗ ಬೆಳದು, ಹಣ್ಣಾದ ಮ್ಯಾಲೆ ಕರಕೊಂಡು ಹೋಗಿ ತೋರಿಸ್ತಾನ. ಬಿಲ್ ಒಂದು ಬಾಯಾಗ ಹಾಕ್ಕೊಂಡು ಸಣ್ಣ ಹುಡುಗನಂಗ ಕಿಸಕ್ಕನ ನಗ್ತಾನ. ಅದೊಂದು ನೋಡ್ರಿ.